ಶ್ರೀಲಂಕಾ ಮುಳುಗಿದ್ದು ಪುಕ್ಕಟೆ ಕೊಟ್ಟು ಅಲ್ಲ, ಭೂತಾನ್ ಉಳಿದಿದ್ದು ಬರೀ ಖುಷಿಯಿಂದ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಶಿವಮೊಗ್ಗ ಕಡೆ ಈಗ ಎರಡು ದೇಶದ ಹೆಸರು ಎಲ್ಲರ ಬಾಯಲ್ಲೂ ಓಡಾಡ್ತಾ ಇದೆ. ಸರ್ಕಾರ ಏನಾದ್ರೂ ಪುಕ್ಕಟೆ ಕೊಡ್ತು ಅಂದ್ರೆ "ನೋಡ್ತಾ ಇರಿ, ನಾವೂ ಶ್ರೀಲಂಕಾ ಆಗ್ತೀವಿ" ಅಂತಾರೆ. ಅದೇ ಜನ ಇನ್ನೊಂದು ದಿನ "ಭೂತಾನ್ ನೋಡಿ ಕಲೀಬೇಕು, ಅಲ್ಲಿ ದುಡ್ಡಿಲ್ಲ ಆದ್ರೆ ಜನ ಖುಷಿಯಾಗಿದಾರೆ" ಅಂತಾರೆ. ಅಡಿಕೆ ಮಂಡಿಲೂ ಇದೇ, ಮದುವೆ ಮನೆ ಪಂಕ್ತಿಲೂ ಇದೇ, ವಾಟ್ಸಾಪ್ ಗ್ರೂಪಲ್ಲಂತೂ ದಿನಾ ಇದೇ. ಎರಡೂ ಮಾತು ಅರ್ಧಂಬರ್ಧ ಅಂತ ನಂಗೆ ಬಲವಾಗಿ ಅನ್ನಿಸುತ್ತೆ. ನಾನು ತೀರ್ಥಹಳ್ಳಿ ತಾಲೂಕಿನ ಅಡಿಕೆ ಬೆಳೆಗಾರ, ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರೋನು. ಈ ಎರಡು ದೇಶ ನಮಗೆ ದೂರದ ವಿಷಯ ಅಲ್ಲ ಸರ್, ಭೂತಾನಿನ ಹಸಿ ಅಡಿಕೆ, ಶ್ರೀಲಂಕಾದ ಮೆಣಸು ನೇರ ನಮ್ಮ ರೇಟಿಗೆ ಬಂದು ತಾಗುತ್ತೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಕ್ಷಮೆ ಇರಲಿ.

ಮೊದಲು ಅಳತೆ ಹೇಳ್ಬಿಡ್ತೀನಿ. ಭೂತಾನ್ ಜನಸಂಖ್ಯೆ ಎಂಟು ಲಕ್ಷಾನೂ ಇಲ್ಲ, 2011ರ ಜನಗಣತಿಲಿ ನಮ್ಮ ಶಿವಮೊಗ್ಗ ಜಿಲ್ಲೆ ಒಂದರಲ್ಲೇ ಹದಿನೇಳು ಲಕ್ಷದ ಮೇಲಿದ್ರು. ಶ್ರೀಲಂಕಾದಲ್ಲಿ ಎರಡು ಕೋಟಿ ಚಿಲ್ಲರೆ ಜನ, ಜಾಗ ಕರ್ನಾಟಕದ ಮೂರನೇ ಒಂದು ಭಾಗ. ಇನ್ನು ತಲಾ ಆದಾಯ ನೋಡಿದ್ರೆ ಎರಡೂ ದೇಶದ್ದು ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಆಸುಪಾಸು, ನಮ್ಮ ಭಾರತದ್ದಕ್ಕಿಂತ ಜಾಸ್ತೀನೇ. ಅಂದ್ರೆ ಭೂತಾನದಲ್ಲಿ ದುಡ್ಡಿಲ್ಲ ಅನ್ನೋದೂ ಸರಿ ಅಲ್ಲ, 2023ರ ಡಿಸೆಂಬರಲ್ಲಿ ಅದು ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಗೆ ಬಂತು. ಶ್ರೀಲಂಕಾ ಆ ಪಟ್ಟಿಗೆ ಸೇರಿದ್ದೇ ಇಲ್ಲ.

ಈಗ ಪುಕ್ಕಟೆ ವಿಷಯ. ಶ್ರೀಲಂಕಾದಲ್ಲಿ ಉಚಿತ ಶಿಕ್ಷಣ ಶುರುವಾಗಿದ್ದು 1945ರಲ್ಲಿ, ಇನ್ನೂ ಬ್ರಿಟಿಷರು ಇದ್ದಾಗ್ಲೇ. ಸರ್ಕಾರಿ ಆಸ್ಪತ್ರೆಲಿ ಚಿಕಿತ್ಸೆನೂ ದಶಕಗಳಿಂದ ಪುಕ್ಕಟೆ. ಅದರಿಂದ್ಲೇ ಅಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕಿಂತ ಜಾಸ್ತಿ ಓದು ಬಲ್ಲೋರು, ಆಯಸ್ಸೂ ನಮಗಿಂತ ಜಾಸ್ತಿ. ಶಾಲೆ, ಆಸ್ಪತ್ರೆ ಪುಕ್ಕಟೆ ಕೊಟ್ಟು ದೇಶ ಮುಳುಗೋದಾಗಿದ್ರೆ 50ನೇ ಇಸವಿಲೇ ಮುಳುಗಬೇಕಿತ್ತು, 2022ರ ತನಕ ಯಾಕೆ ಕಾಯ್ತು ಹೇಳಿ? 1983ರಿಂದ 2009ರ ತನಕ ಒಳಗೇ ಯುದ್ಧ ನಡೀತು, ಆಗಲೂ ಆ ದೇಶ ಸಾಲದ ಕಂತು ತಪ್ಪಿಸಿರ್ಲಿಲ್ಲ.

ಮುಳುಗಿಸಿದ್ದು ಡಾಲರ್ ಸಾಲ. 2007ರಲ್ಲಿ ಮೊದಲ ಸಲ 50 ಕೋಟಿ ಡಾಲರಿನ ಬಾಂಡನ್ನ, ಅಂದ್ರೆ ಸಾಲಪತ್ರಾನ, ವಿದೇಶಿ ಮಾರುಕಟ್ಟೆಲಿ ಮಾರಿದ್ರು, ಅಲ್ಲಿಂದ ಮುಂದೆ ಹಳೇ ಬಾಂಡ್ ತೀರಿಸೋಕೆ ಹೊಸ ಬಾಂಡ್, ಹೀಗೆ ಬೆಳೀತಾ ಬೆಳೀತಾ ಅದು 1,200 ಕೋಟಿ ಡಾಲರ್ ದಾಟಿತು. ಎಲ್ಲರೂ ಚೀನಾ ಚೀನಾ ಅಂತಾರೆ, ಹಂಬನ್‌ತೋಟ ಬಂದರನ್ನ 2017ರಲ್ಲಿ ಚೀನಾ ಕಂಪನಿಗೆ 99 ವರ್ಷಕ್ಕೆ ಲೀಸ್ ಕೊಟ್ಟಿದ್ದು ಹೌದು, 112 ಕೋಟಿ ಡಾಲರಿಗೆ, ಆದ್ರೆ ಕುತ್ತಿಗೆಗೆ ಬಂದಿದ್ದು ಈ ಬಾಂಡಿನ ಗಂಟು. ಸರ್ಕಾರದಿಂದ ಸರ್ಕಾರಕ್ಕೆ ಕೊಟ್ಟ ಸಾಲ ಆದ್ರೆ ಕೂತು ಮಾತಾಡಿ ಗಡುವು ಮುಂದಕ್ಕೆ ಹಾಕಿಸ್ಕೋಬಹುದು, ಬಾಂಡ್ ತಗೊಂಡೋರು ನೂರಾರು ಫಂಡುಗಳು, ಅವರ ಹತ್ರ ಆ ಮಾತು ಅಷ್ಟು ಸುಲಭಕ್ಕೆ ನಡೆಯಲ್ಲ.

ಇದರ ಮೇಲೆ 2019ರ ಕೊನೇಲಿ ಹೊಸ ಸರ್ಕಾರ ಬಂದು ತೆರಿಗೆ ಇಳಿಸ್ತು. ವ್ಯಾಟ್ ಶೇ 15 ಇದ್ದಿದ್ದು ಶೇ 8ಕ್ಕೆ ಬಂತು. ದೇಶದ ಒಟ್ಟು ಉತ್ಪನ್ನದಲ್ಲಿ ಶೇ 12ರ ಆಸುಪಾಸು ಬರ್ತಿದ್ದ ತೆರಿಗೆ ಶೇ 8ರ ಹತ್ರ ಇಳೀತು. ಗಮನಿಸಿ, ಇದು ಬಡವರಿಗೆ ಕೊಟ್ಟಿದ್ದಲ್ಲ, ಕಟ್ಟೋ ಶಕ್ತಿ ಇದ್ದೋರಿಗೆ ಬಿಟ್ಟಿದ್ದು. ಅದೇ ವರ್ಷ ಏಪ್ರಿಲಲ್ಲಿ ಈಸ್ಟರ್ ದಿನ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತಿದ್ರು, ಟೂರಿಸ್ಟುಗಳು ಬರೋದು ಕಮ್ಮಿ ಆಗಿತ್ತು, ಆಮೇಲೆ ಕೊರೊನಾ ಬಂದು ಪೂರ್ತಿ ನಿಂತೋಯ್ತು. 2019ರ ಕೊನೇಲಿ 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ 2022ರ ಮೇ ಹೊತ್ತಿಗೆ ಕೈಗೆ ಸಿಗೋ ಲೆಕ್ಕದಲ್ಲಿ 5 ಕೋಟಿಗಿಂತ ಕೆಳಗೆ ಬಂತು ಅಂತ ಅಲ್ಲಿನ ಹಣಕಾಸು ಸಚಿವರೇ ಹೇಳಿದ್ರು. ಏಪ್ರಿಲ್ 12ಕ್ಕೇ ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಕೈ ಎತ್ತಿ ಆಗಿತ್ತು. ಸೆಪ್ಟೆಂಬರಲ್ಲಿ ಬೆಲೆ ಏರಿಕೆ ಶೇ 70ರ ಹತ್ರ. ಮಕ್ಕಳ ಪರೀಕ್ಷೆ ಪ್ರಿಂಟ್ ಮಾಡೋಕೆ ಪೇಪರ್ ಇಲ್ಲದೆ ಪರೀಕ್ಷೆ ಮುಂದೆ ಹೋಯ್ತು, ಪೆಟ್ರೋಲ್ ಕ್ಯೂನಲ್ಲಿ ನಿಂತಲ್ಲೇ ಜನ ಸತ್ರು. ಇದನ್ನ ಓದೋವಾಗ ನಂಗೆ ಹೊಟ್ಟೆ ಉರೀತಿತ್ತು ಸರ್, ಯಾಕಂದ್ರೆ ಆ ಕ್ಯೂನಲ್ಲಿ ನಿಂತೋರು ಯಾರೂ ಆ ಬಾಂಡ್ ಮಾರಿದೋರಲ್ಲ.

ಬೆಳೆಗಾರನಾಗಿ ನಂಗೆ ಜಾಸ್ತಿ ತಾಗಿದ್ದು ಗೊಬ್ಬರದ ಕಥೆ. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರ, ಔಷಧಿ ತರಿಸೋದನ್ನ ಒಂದೇ ಏಟಿಗೆ ನಿಲ್ಲಿಸಿಬಿಟ್ರು, ಸಾವಯವ ಅನ್ನೋ ಹೆಸರಲ್ಲಿ, ಡಾಲರ್ ಉಳಿಸೋ ಲೆಕ್ಕಾನೂ ಅದರಲ್ಲಿತ್ತು. ನಮ್ಮ ಮಲೆನಾಡಿನ ತೋಟಗಳು ಹಿಂದಿನಿಂದ್ಲೂ ಸೊಪ್ಪಿನಬೆಟ್ಟದ ಸೊಪ್ಪು, ದರಕು, ಕೊಟ್ಟಿಗೆ ಗೊಬ್ಬರ ನಂಬ್ಕೊಂಡೇ ಬಂದಿದ್ದು. ಹಾಗಾಗಿ ನಮಗೆ ಗೊತ್ತು, ಒಂದು ಎಕರೆಗೆ ಸಾಕಾಗೋಷ್ಟು ಗೊಬ್ಬರ ಆಗ್ಬೇಕಂದ್ರೆ ಎಷ್ಟು ಬೆಟ್ಟ ಬೇಕು, ಎಷ್ಟು ದನ ಬೇಕು, ಸೊಪ್ಪು ಕಡಿದು ಹೊತ್ತು ಹಾಕೋಕೆ ಎಷ್ಟು ಆಳು ಬೇಕು ಅಂತ. ಅದು ಒಂದು ಮಳೆಗಾಲದಲ್ಲಿ ಆಗೋ ಕೆಲಸಾನೇ ಅಲ್ಲ. ಅಲ್ಲಿ ಟೀ ಬೆಳೆಯೋರಲ್ಲಿ ದೊಡ್ಡ ಎಸ್ಟೇಟಿನೋರೇ ಜಾಸ್ತಿ ಅಂತ ನಾವು ಅಂದ್ಕೊಂಡಿರ್ತೀವಿ, ಹಾಗಲ್ಲ, ಮುಕ್ಕಾಲು ಪಾಲಿನ ಹತ್ರ ಸಣ್ಣ ಹಿಡುವಳಿದಾರರೇ, ನಮ್ಮ ಹಾಗೆ ಎಕರೆ ಎರಡೆಕರೆ ಇದ್ದೋರು. ಭತ್ತದ ಇಳುವರಿ ಬಿದ್ದೋಯ್ತು, ಅಕ್ಕಿ ಹೊರಗಿಂದ ತರಿಸ್ಬೇಕಾಯ್ತು, 30 ಕೋಟಿ ಕೆಜಿ ಆಸುಪಾಸಿದ್ದ ಟೀ 2022ರಲ್ಲಿ 25 ಕೋಟಿ ಕೆಜಿಗೆ ಇಳೀತು. ಡಾಲರ್ ತರೋ ಬೆಳೆನೇ ಕೈ ಬಿಡ್ತು. 2021ರ ನವೆಂಬರಲ್ಲೇ ಆದೇಶ ವಾಪಸ್ ತಗೊಂಡಿದ್ರು, ಅಷ್ಟ್ರಲ್ಲಿ ಒಂದು ಬೆಳೆ ಹೋಗಿ ಆಗಿತ್ತು. ರೈತರನ್ನ ಒಂದು ಮಾತೂ ಕೇಳದೆ ರಾಜಧಾನಿಲಿ ಕೂತು ತಗೊಂಡ ತೀರ್ಮಾನ ಇದು, ಇದನ್ನ ನಾನು ಕ್ಷಮಿಸೋಕಾಗಲ್ಲ.

ಇನ್ನು ಭೂತಾನ್. ಅವರ ನಾಲ್ಕನೇ ರಾಜ 70ರ ದಶಕದಲ್ಲಿ ಒಟ್ಟು ಉತ್ಪನ್ನಕ್ಕಿಂತ ಒಟ್ಟು ಸಂತೋಷ ಮುಖ್ಯ ಅಂದಿದ್ದು ಜಗತ್ತಿಗೇ ಗೊತ್ತು. ಒಳ್ಳೆ ಮಾತೇ. ಕಾಡಿನ ವಿಷಯದಲ್ಲಿ ಅವರು ನಡ್ಕೊಂಡಿದ್ದು ನೋಡಿದ್ರೆ ಗೌರವ ಬರುತ್ತೆ, ಶೇ 60 ಕಾಡು ಯಾವತ್ತೂ ಇರ್ಬೇಕು ಅಂತ ಸಂವಿಧಾನದಲ್ಲೇ ಬರ್ಕೊಂಡಿದಾರೆ, ನಿಜಕ್ಕೂ ಅದಕ್ಕಿಂತ ಜಾಸ್ತೀನೇ ಇದೆ. ಆದ್ರೆ ಆ ಶಾಲೆ, ಆಸ್ಪತ್ರೆ, ರಸ್ತೆ ನಡೆಸ್ತಾ ಇರೋದ್ರಲ್ಲಿ ದೊಡ್ಡ ಪಾಲು ಭಾರತಕ್ಕೆ ಮಾರೋ ಕರೆಂಟಿನ ದುಡ್ಡು. ಅಲ್ಲಿನ ಜಲವಿದ್ಯುತ್ ಯೋಜನೆಗಳು ನೋಡಿ, ಚುಖಾ 336 ಮೆಗಾವ್ಯಾಟ್, ತಾಲಾ 1,020, ಮಾಂಗ್ದೆಚು 720, ಈಚೆಗೆ ಪುನತ್ಸಂಗ್ಚು ಎರಡನೇದು 1,020. ನಮ್ಮ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್, ಅಂದ್ರೆ ತಾಲಾಕ್ಕೆ ಸರೀಸುಮಾರು ಸಮ. ನಮ್ಮ ಜಿಲ್ಲೆ ಇಡೀ ರಾಜ್ಯಕ್ಕೆ ಕರೆಂಟ್ ಕೊಟ್ಟು, ಲಿಂಗನಮಕ್ಕಿಲಿ ಊರಿಗೆ ಊರೇ ಮುಳುಗಿಸಿ, ಇವತ್ತಿಗೂ ಶರಾವತಿ ಸಂತ್ರಸ್ತರು ಹಕ್ಕುಪತ್ರಕ್ಕೆ ಅಲೀತಾ ಇದಾರೆ. ಅಲ್ಲಿ ಕಟ್ಟಿದ್ದು ಹೆಚ್ಚಾಗಿ ಹರಿಯೋ ನೀರನ್ನ ಸುರಂಗಕ್ಕೆ ತಿರುಗಿಸೋ ಯೋಜನೆಗಳು, ದೊಡ್ಡ ಮುಳುಗಡೆ ಇಲ್ಲ. ಬರೋ ದುಡ್ಡು ಅವರ ಖಜಾನೆಗೇ. ಇದು ನಂಗೆ ಸುಮ್ಮನೆ ಹೇಳಿ ಬಿಡೋ ವಿಷಯ ಅಲ್ಲ, ಯಾರಾದ್ರೂ ತಿಳಿದೋರು ಇದರ ಬಗ್ಗೆನೇ ಬೇರೆ ಲೇಖನ ಬರೀಬೇಕು.

ಭೂತಾನಕ್ಕೆ ಸಾಲ ಇಲ್ಲ ಅಂದ್ಕೋಬೇಡಿ. ಅವರ ಸರ್ಕಾರಿ ಸಾಲ ಒಂದು ವರ್ಷದ ಇಡೀ ಉತ್ಪನ್ನಕ್ಕಿಂತಲೂ ಮೇಲೆ ಹೋಗಿತ್ತು. ಹಾಗಾದ್ರೆ ಲಂಕಾ ಯಾಕೆ ಬಿತ್ತು, ಇವರು ಯಾಕೆ ಬೀಳ್ಲಿಲ್ಲ? ಆ ಸಾಲದಲ್ಲಿ ಬಹುಪಾಲು ಜಲವಿದ್ಯುತ್ತಿನದ್ದು, ಕೊಟ್ಟಿದ್ದು ಭಾರತ, ಕೊಟ್ಟಿದ್ದು ರೂಪಾಯಲ್ಲಿ. ಕರೆಂಟ್ ಕೊಳ್ಳೋದೂ ಭಾರತ, ಅದೂ ರೂಪಾಯಲ್ಲೇ. ಅವರ ನಾಣ್ಯ ನಗುಲ್ಟ್ರಂ ನಮ್ಮ ರೂಪಾಯಿಗೆ ಒಂದಕ್ಕೊಂದು ಕಟ್ಟಿದ್ದು. ನಮ್ಮಲ್ಲಿ ಸೊಸೈಟಿ ಬೆಳೆಸಾಲ ಅಡಿಕೆ ಬಂದಾಗ ಮುರ್ಕೊಳ್ತಾರಲ್ಲ ಹಾಗೆ, ಸಾಲ ತಗೊಂಡು ಮಾಡಿದ ವಸ್ತುನೇ ಸಾಲ ತೀರಿಸುತ್ತೆ. ಚುಖಾ, ತಾಲಾಕ್ಕೆ ಶೇ 60 ಅನುದಾನ, ಶೇ 40 ಸಾಲ ಇತ್ತು, ಮಾಂಗ್ದೆಚು ಹೊತ್ತಿಗೆ ಅದು ಉಲ್ಟಾ ಆಗಿ ಶೇ 30 ಅನುದಾನ, ಶೇ 70 ಸಾಲ ಆಗಿದೆ, ಬಡ್ಡಿ ಶೇ 10, ಇದು ಅವರಿಗೆ ಸಣ್ಣ ಹೊರೆ ಅಲ್ಲ. ಕೊರೊನಾ ಬಂದಾಗ ಭೂತಾನ್ ಗಡಿ ಮುಚ್ಚಿದ್ದು 2020ರ ಮಾರ್ಚಲ್ಲಿ, ತೆಗೆದಿದ್ದು 2022ರ ಸೆಪ್ಟೆಂಬರಲ್ಲಿ, ಅಷ್ಟೂ ದಿನ ಟೂರಿಸ್ಟ್ ದುಡ್ಡು ಇಲ್ಲವೇ ಇಲ್ಲ. ಆದ್ರೂ ನದಿ ಹರೀತಿತ್ತು, 2019ರಲ್ಲಷ್ಟೇ ಶುರುವಾಗಿದ್ದ ಮಾಂಗ್ದೆಚು ಓಡ್ತಿತ್ತು, ಬಿಲ್ ಬರ್ತಿತ್ತು. ಅದರ ಜೊತೆ ಇನ್ನೊಂದು, ಒಂದು ವರ್ಷದ ಅಗತ್ಯ ಆಮದಿಗೆ ಸಾಕಾಗೋಷ್ಟು ವಿದೇಶಿ ವಿನಿಮಯ ಇಟ್ಕೊಂಡಿರ್ಲೇಬೇಕು ಅಂತ ಅವರ ಸಂವಿಧಾನದಲ್ಲೇ ಇದೆ. 2022ರ ಆಗಸ್ಟಲ್ಲಿ ಆ ಗಂಟು ಕರಗ್ತಾ ಇದೆ ಅಂತ ಗೊತ್ತಾದ ತಕ್ಷಣ ವಾಹನ ಆಮದು ನಿಲ್ಲಿಸಿದ್ರು. ಲಂಕಾನೂ 2020ರಲ್ಲೇ ಕಾರು ಆಮದು ನಿಲ್ಲಿಸಿತ್ತು, ಆದ್ರೆ ಅದರ ಮೇಲೆ ಗೊಬ್ಬರಾನೂ ನಿಲ್ಲಿಸ್ತು, ಇವರು ಕಾರಿಗೆ ಕೈ ಹಾಕಿದ್ರು, ಗೊಬ್ಬರಕ್ಕಲ್ಲ. ನಂಗೆ ಇದೇ ದೊಡ್ಡ ವ್ಯತ್ಯಾಸ ಅನ್ಸುತ್ತೆ.

ಹಾಗಂತ ಅದು ಸ್ವರ್ಗ ಅಲ್ಲ. ಚಳಿಗಾಲದಲ್ಲಿ ಹೊಳೆ ಬತ್ತಿ ಅವರೇ ನಮ್ಮಿಂದ ಕರೆಂಟ್ ಕೊಳ್ತಾರೆ. 2012ರಲ್ಲಿ ರೂಪಾಯಿ ಸಾಲದೆ ಬ್ಯಾಂಕುಗಳು ಮನೆ, ಗಾಡಿ ಸಾಲನೇ ನಿಲ್ಲಿಸಿದ್ವು. ಪುನತ್ಸಂಗ್ಚು ಮೊದಲನೇದು 2008ರಲ್ಲಿ ಶುರುವಾಗಿ, 2013ರಲ್ಲಿ ಡ್ಯಾಂ ಜಾಗದಲ್ಲಿ ಗುಡ್ಡ ಜಾರಿ, ಖರ್ಚು ಏರ್ತಾನೇ ಹೋಯ್ತು, ಗುಡ್ಡ ಅಗೆದ್ರೆ ಏನಾಗುತ್ತೆ ಅಂತ ಘಟ್ಟದ ಜನಕ್ಕೆ ಬಿಡಿಸಿ ಹೇಳ್ಬೇಕಿಲ್ಲ. ಓದಿದ ಹುಡುಗ್ರು, ಟೀಚರು, ನರ್ಸು, ಸರ್ಕಾರಿ ನೌಕರಿಲಿದ್ದೋರು ಸಾವಿರಗಟ್ಲೆ ಆಸ್ಟ್ರೇಲಿಯಾಕ್ಕೆ ಹೋಗ್ತಾ ಇದಾರೆ. 90ರ ದಶಕದ ಶುರುವಲ್ಲಿ ನೇಪಾಳಿ ಮಾತಾಡೋ ಲಕ್ಷ ಜನರನ್ನ ಆ ದೇಶ ಹೊರಗೆ ದಬ್ಬಿದ್ದೂ ಇದೆ, ಖುಷಿ ಲೆಕ್ಕ ಹಾಕೋವಾಗ ಅವರ ಕಣ್ಣೀರನ್ನೂ ಸೇರಿಸ್ಬೇಕು. ಲಂಕಾನೂ ಟೀ ತೋಟದ ತಮಿಳರ ವಿಷಯದಲ್ಲಿ ಹಾಗೇ ಮಾಡ್ತು, ಭಾರತದ ಜೊತೆಗಿನ 1964ರ ಒಪ್ಪಂದದ ಮೇಲೆ ವಾಪಸ್ ಬಂದೋರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟದಲ್ಲಿ ನೆಲೆ ನಿಂತ್ರು.

ಇದೆಲ್ಲ ನಮಗ್ಯಾಕೆ ಅಂತ ಕೇಳಬಹುದು. ಎರಡು ದೇಶನೂ ಒಂದೋ ಎರಡೋ ಆದಾಯದ ಮೇಲೆ ನಿಂತಿರೋದು, ಒಬ್ಬರದ್ದು ಕರೆಂಟು, ಒಬ್ಬರದ್ದು ಟೀ, ಗಾರ್ಮೆಂಟ್ಸ್, ಟೂರಿಸಂ, ಗಲ್ಫಲ್ಲಿ ದುಡಿಯೋರು ಕಳಿಸೋ ದುಡ್ಡು. ನಮ್ಮ ಮಲೆನಾಡು ಅಡಿಕೆ ಒಂದನ್ನೇ ನಂಬಿ ಗದ್ದೆ ಎಲ್ಲಾ ತೋಟ ಮಾಡ್ಕೊಂಡು ಕೂತಿದೆ. ಎಲೆಚುಕ್ಕಿ ರೋಗ ಒಂದೇ ಸಾಕು ಊರಿಗೂರೇ ಅಲ್ಲಾಡೋಕೆ. ಲಂಕಾದಲ್ಲಿ ಮೊದಲು ಕಾಫಿ ಇತ್ತು, 1869ರಲ್ಲಿ ಎಲೆ ತುಕ್ಕು ರೋಗ ಬಂದು ಆ ಇಡೀ ಬೆಳೆ ಹೋಗಿ ಟೀ ಬಂತು ಅನ್ನೋದನ್ನ ನಮ್ಮ ಬೆಳೆಗಾರರು ನೆನಪಲ್ಲಿಡ್ಬೇಕು.

2022ರಲ್ಲಿ ಭೂತಾನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆ ಇಲ್ಲದೆ ಕೇಂದ್ರ ಅನುಮತಿ ಕೊಟ್ಟಾಗ ನಮ್ಮಲ್ಲಿ ದೊಡ್ಡ ಗಲಾಟೆ ಆಯ್ತು, ನಾನೂ ವಿರೋಧಿಸ್ದೋನೇ. ಆದ್ರೆ ಸುಲಿದು ಬೇಯಿಸಿ ಒಣಗಿಸಿದ್ರೆ ಅದು ಕಾಲು ಭಾಗಾನೂ ಉಳಿಯಲ್ಲ, ನಮ್ಮ ದೇಶದ ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲೆ. ನಮ್ಮ ರೇಟ್ ಮುರಿಯೋದು ಲೆಕ್ಕಕ್ಕೇ ಸಿಗದೆ ಕಳ್ಳ ದಾರಿಲಿ ಬರೋ ಅಡಿಕೆ. ಮೆಣಸಿನದ್ದೂ ಅಷ್ಟೆ, ಲಂಕಾ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಸುಂಕ ಇಲ್ಲದೆ ಬರೋಕೆ ವರ್ಷಕ್ಕೆ 2,500 ಟನ್ ಮಿತಿ ಇದೆ, ಅದರ ಹೆಸರಲ್ಲಿ ವಿಯೆಟ್ನಾಂ ಮೆಣಸು ಬರುತ್ತೆ ಅನ್ನೋ ಬೆಳೆಗಾರರ ದೂರು ಹಳೇದು. ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆ ಧಾರಣೆಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ದಿನಾ ಹಾಕ್ತೀರಲ್ಲ, ಅದರ ಕೆಳಗೇ ತಿಂಗಳಿಗೊಂದು ಸಲ ಆದ್ರೂ ಭೂತಾನಿಂದ ಎಷ್ಟು ಅಡಿಕೆ, ಲಂಕಾದಿಂದ ಎಷ್ಟು ಮೆಣಸು, ಯಾವ ಬಂದರಿಗೆ ಇಲ್ಲಾ ಗಡಿ ಠಾಣೆಗೆ, ಯಾವ ಬೆಲೆಗೆ ಬಂತು ಅಂತ ಸರ್ಕಾರದ ಲೆಕ್ಕ ತರಿಸಿ ಪ್ರಕಟಿಸಿ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು, ಶಿವಮೊಗ್ಗ ಜಿಲ್ಲೆ