ಹಾವು ಓಡಿಸುವ ಗಿಡ ನಂಬಿ ಕೂರಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದರೆ ನಮ್ಮ ಬಡಾವಣೆಗೆ ಗಿಡ ಮಾರುವ ಗಾಡಿಗಳು ಬರುತ್ತವೆ. ಗುಲಾಬಿ, ದಾಸವಾಳದ ಜೊತೆ ಈಗ ‘ಹಾವು ಓಡಿಸುವ ಗಿಡ’ಗಳೂ ಇರುತ್ತವೆ. ನಾಗದಾಳಿ, ಸರ್ಪಗಂಧ, ಈಶ್ವರಿ ಬಳ್ಳಿ, ಮಜ್ಜಿಗೆ ಹುಲ್ಲು. ಇವಕ್ಕೆ ರೇಟೂ ಜಾಸ್ತಿ. ‘ಕಾಂಪೌಂಡ್ ಸುತ್ತ ಹಾಕ್ರಿ ಅಕ್ಕಾ, ಹಾವು ಹತ್ರಕ್ಕೂ ಸುಳಿಯಲ್ಲ’ ಅನ್ನುತ್ತಾರೆ. ಮೊಬೈಲಿನಲ್ಲೂ ಇಂಥವೇ ವಿಡಿಯೊಗಳು. ಚಿಕ್ಕ ಮಕ್ಕಳಿರುವ ಮನೆಯವರು ಹೆದರಿ ಕೊಳ್ಳುತ್ತಾರೆ, ಆಮೇಲೆ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ನನಗೆ ಭಯ ಆಗುವುದು ಈ ನಿಶ್ಚಿಂತೆ ನೋಡಿಯೇ.

ನಾವಿರುವುದು ದಾವಣಗೆರೆಯ ಅಂಚಿನಲ್ಲಿ. ಮನೆಗಳು ಮುಗಿದ ಕಡೆ ಭದ್ರಾ ನಾಲೆ ನೀರಿನ ಗದ್ದೆಗಳು. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹಾವು ನಾಲಿಗೆ ಚಾಚಿ ವಾಸನೆ ಹಿಡಿಯುತ್ತದೆ, ನಿಜ. ಆದರೆ ಹಿತ್ತಲಲ್ಲಿ ನೆಟ್ಟ ಗಿಡದ ವಾಸನೆಗೆ ಅದು ಹಿಂದಕ್ಕೆ ಹೋಗುತ್ತದೆ ಅನ್ನುವುದಕ್ಕೆ ನಂಬುವಂಥ ಆಧಾರವಿಲ್ಲ.

ಪಕ್ಕದ ಮನೆ ಅಜ್ಜಿ ಕಷಾಯಕ್ಕೂ ಆಯ್ತು, ಹಾವಿಗೂ ಆಯ್ತು ಅಂತ ಗೋಡೆಯುದ್ದಕ್ಕೂ ಮಜ್ಜಿಗೆ ಹುಲ್ಲು ಹಾಕಿಸಿದ್ದರು. ಅದು ಸೊಂಟದೆತ್ತರ ಬೆಳೆಯಿತು. ಹೋದ ವರ್ಷ ಅದನ್ನು ಸವರಿಸುವಾಗ ನಾನೂ ಅಲ್ಲೇ ಇದ್ದೆ. ಬುಡದ ಒಣ ಹುಲ್ಲು ಸರಿಸಿದರೆ ಇಲಿ ಬಿಲ. ಬಿಲದ ಬಾಯಲ್ಲೇ ಉದ್ದಕ್ಕೆ ಹಾವಿನ ಪೊರೆ. ತಲೆಯ ಭಾಗ ಹರಿಯದೆ ಉಳಿದಿತ್ತು, ಕಣ್ಣಿನ ಮೇಲಿನ ಗುಂಡು ಪೊರೆ ಕೂಡ ಕಾಣುತ್ತಿತ್ತು. ಕೇರೆ ಹಾವಿನದು ಅಂತ ಹಾವು ಹಿಡಿಯುವ ಹುಡುಗ ಹೇಳಿದ. ದಟ್ಟವಾಗಿ ಬೆಳೆದ ಗಿಡ ಯಾವುದೇ ಇರಲಿ, ಹಾವಿಗೆ ಅಲ್ಲಿ ತಂಪೂ ಸಿಗುತ್ತದೆ, ಊಟವೂ ಸಿಗುತ್ತದೆ. ಕೇದಗೆ ಇದ್ದಲ್ಲಿ ಹಾವು ಅಂತ ಹಿರಿಯರು ಹೇಳುವುದೂ ಆ ಪೊದೆ ನೋಡಿಯೇ ಇರಬೇಕು.

ಈ ಗಿಡಗಳಲ್ಲಿ ಕೆಲವನ್ನು ಮುಟ್ಟುವಾಗಲೂ ಹುಷಾರಾಗಿರಬೇಕು. ನಾಗದಾಳಿ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಹಾವು ಕಚ್ಚಿದಾಗ ಈಶ್ವರಿ ಬೇರು ಅರೆದು ಕುಡಿಸುವವರು ಈಗಲೂ ಇದ್ದಾರೆ. ಆ ಬೇರಿನಲ್ಲಿರುವ ಅಂಶ ಕಿಡ್ನಿಯನ್ನೇ ಕೆಡಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅರೆದು ಕುಡಿಸುವಷ್ಟರಲ್ಲಿ ಆಸ್ಪತ್ರೆಗೆ ಹೋಗುವ ಹೊತ್ತು ಕಳೆದುಹೋಗಿರುತ್ತದೆ.

ಗಿಡಕ್ಕೆ ಕೊಡುವ ದುಡ್ಡಲ್ಲಿ ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಒಲೆಗೆ ಅಂತ ಗೋಡೆಗೆ ಒತ್ತಿ ಪೇರಿಸಿಟ್ಟ ಮೆಕ್ಕೆಜೋಳದ ಬೆಂಡು, ತೆಂಗಿನ ಗರಿ, ಇಟ್ಟಿಗೆ ರಾಶಿ ದೂರ ಸರಿಸಿ. ಗೋಡೆ ಪಕ್ಕ ನಡೆದಾಡುವಷ್ಟು ಜಾಗ ಬೋಳಾಗಿರಲಿ. ಕೋಳಿಗೆ ಹಾಕಿದ ಕಾಳು ರಾತ್ರಿ ನೆಲದಲ್ಲಿ ಬಿಡಬೇಡಿ. ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ ಟಾರ್ಚ್, ಚಪ್ಪಲಿ ಬೇಕೇ ಬೇಕು. ಕೊಳಕು ಮಂಡಲ ಒಣ ಎಲೆಯಲ್ಲಿ ಮಲಗಿದರೆ ಗೊತ್ತೇ ಆಗುವುದಿಲ್ಲ. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸಿಗಿಸಿ. ಕಟ್ಟು ಹಾವು ರಾತ್ರಿ ನಿದ್ದೆಯಲ್ಲಿದ್ದವರನ್ನೇ ಜಾಸ್ತಿ ಕಚ್ಚುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ.

ಖಾಲಿ ಸೈಟಿನವರಿಗೂ ಒಂದು ಮಾತು. ನೀವು ಬೇರೆ ಊರಲ್ಲಿದ್ದೀರಿ, ನಿಮ್ಮ ಸೈಟಿನ ಪಾರ್ಥೇನಿಯಂ, ಕಸ ನಮ್ಮ ಮಕ್ಕಳ ಆಟದ ಜಾಗದ ಪಕ್ಕ ಇದೆ. ವರ್ಷಕ್ಕೊಮ್ಮೆಯಾದರೂ ಬಂದು ಸ್ವಚ್ಛ ಮಾಡಿಸಿ.

ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಗುತ್ತದೆ. ಹಾವನ್ನು ಹೊಡೆದು ಆಸ್ಪತ್ರೆಗೆ ಒಯ್ಯುವುದು ಬೇಡ. 2024ರಿಂದ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಇದು ಒಳ್ಳೆಯ ಕೆಲಸ. ಆದರೆ ನಡುರಾತ್ರಿ ಎಲ್ಲಿಗೆ ಓಡಬೇಕು ಅನ್ನುವುದು ಹಳ್ಳಿಯವರಿಗೆ ಗೊತ್ತಿರಬೇಕಲ್ವಾ? ಜಿಲ್ಲೆಯ ಯಾವ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಈ ಇಂಜೆಕ್ಷನ್ ಸಿಗುತ್ತದೆ ಅನ್ನುವ ಪಟ್ಟಿಯನ್ನು, ಫೋನ್ ನಂಬರ್ ಸಮೇತ, ತಮ್ಮ ಪತ್ರಿಕೆ ಈ ಮಳೆಗಾಲದಲ್ಲೇ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಗೃಹಿಣಿ, ದಾವಣಗೆರೆ