ಬದುಕಿರುವ ಡೆವಿಲ್ ಯಾರಿಗೂ ಬೇಡವೇ?

ಮಾನ್ಯ ಸಂಪಾದಕರೇ,

ನಾನಿರುವ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿದ್ದ, ಕಾಂಗರೂವಿನಂತೆ ಹೊಟ್ಟೆಚೀಲವಿದ್ದ ಮಾಂಸಾಹಾರಿ ಪ್ರಾಣಿ ಟಾಸ್ಮೇನಿಯನ್ ಹುಲಿಯನ್ನು ಪ್ರಯೋಗಾಲಯದಲ್ಲಿ ಮರಳಿ ಹುಟ್ಟಿಸುವ ಯತ್ನದ ಕುರಿತ ನಿಮ್ಮ ಭಾನುವಾರದ ಬರಹ ಓದಿದೆ. ಅಳಿದುಹೋದ ಪ್ರಾಣಿಗೆ ಅರ್ಧ ಪುಟ, ಬದುಕಿರುವ ಅದರ ಬಂಧು ಟಾಸ್ಮೇನಿಯನ್ ಡೆವಿಲ್‌ಗೆ ಒಂದೇ ಸಾಲು! ಮರುರಾತ್ರಿಯೇ ನಮ್ಮ ಮನೆಯೆದುರಿನ ಹೆದ್ದಾರಿಯಲ್ಲಿ ಹೆಣ್ಣು ಡೆವಿಲ್ ಒಂದು ಕಾರಿಗೆ ಸಿಕ್ಕಿ ಸತ್ತಿತು. ರಸ್ತೆಯಲ್ಲಿ ಸತ್ತುಬಿದ್ದಿದ್ದ ವಾಲಬಿಯನ್ನು, ಅಂದರೆ ಸಣ್ಣ ಜಾತಿಯ ಕಾಂಗರೂವನ್ನು, ತಿನ್ನಲು ಬಂದಿತ್ತು. ಆ ವಾಲಬಿಯನ್ನು ತೆಗೆಸಿ ಎಂದು ಹಗಲೇ ಸರ್ಕಾರಿ ಕಚೇರಿಗೆ ಫೋನ್ ಮಾಡಿದ್ದೆ. ಒಬ್ಬರು ಇನ್ನೊಬ್ಬರ ನಂಬರ್ ಕೊಟ್ಟರು, ಅವರು ಅರ್ಜಿ ತುಂಬಿ ಎಂದರು. ವಾಹನಗಳ ವೇಗಕ್ಕೆ ನಾನೇ ಇಳಿದು ಎಳೆಯುವಂತಿರಲಿಲ್ಲ. ಕೊನೆಗೆ ಮಳೆಯಲ್ಲಿ ಟಾರ್ಚ್ ಹಿಡಿದು ಡೆವಿಲ್‌ನ ಹೊಟ್ಟೆಚೀಲದಲ್ಲಿ ಮರಿಗಳಿವೆಯೇ ಎಂದು ನೋಡಿದವಳೂ ನಾನೇ, ನಿದ್ದೆಗೆಟ್ಟು ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡವಳೂ ನಾನೇ.

ಹುಲಿಗೂ ಡೆವಿಲ್‌ಗೂ ಹಿಂದಕ್ಕೆ ತೆರೆಯುವ ಹೊಟ್ಟೆಚೀಲ, ಎರಡಕ್ಕೂ ನಾಲ್ಕೇ ಮೊಲೆ. ಹುಲಿಯ ಬೆನ್ನಿಗೆ ಪಟ್ಟೆಗಳಿದ್ದವು, ಚಿತ್ರಕ್ಕೆ ಚೆಂದ. ಡೆವಿಲ್ ಕಪ್ಪು, ಗಿಡ್ಡ, ಕೂಗು ಕರ್ಕಶ. ಅದಕ್ಕೇ ಈ ತಾತ್ಸಾರವೇ?

ಕುರಿ ಹಿಡಿಯುತ್ತದೆಂದು 1888ರಿಂದ 1909ರವರೆಗೆ ಹುಲಿಯ ತಲೆಗೊಂದು ಪೌಂಡ್ ಇನಾಮು ಕೊಟ್ಟು ಕೊಲ್ಲಿಸಿದ್ದು ಇಲ್ಲಿಯ ಸರ್ಕಾರವೇ. ಎರಡು ಸಾವಿರಕ್ಕೂ ಹೆಚ್ಚು ಇನಾಮು ಹಂಚಿತು. ರಕ್ಷಣೆಯ ಆದೇಶ ಹೊರಟದ್ದು 1936ರ ಜುಲೈ 10ರಂದು. ಇಲ್ಲಿಯ ರಾಜಧಾನಿ ಹೋಬಾರ್ಟ್‌ನ ಮೃಗಾಲಯದ ಕೊನೆಯ ಹುಲಿ ಸತ್ತದ್ದು ಅದೇ ವರ್ಷದ ಸೆಪ್ಟೆಂಬರ್ 7ರಂದು. ಅದರ ಅವಶೇಷ ವಸ್ತುಸಂಗ್ರಹಾಲಯದ ಕಪಾಟಿನಲ್ಲೇ ಇದೆಯೆಂದು ಬೆಳಕಿಗೆ ಬಂದದ್ದು 2022ರಲ್ಲಿ. ಡೆವಿಲ್‌ಗಳ ಕಥೆಯೂ ಅದೇ ದಾರಿ ಹಿಡಿದಿದೆ. ಕಚ್ಚಾಟದಿಂದ ಹರಡುವ ಮುಖದ ಗಡ್ಡೆರೋಗ ಕಾಣಿಸಿದ್ದು 1996ರಲ್ಲಿ, ಅವುಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು 2008ರಲ್ಲಿ. ಹನ್ನೆರಡು ವರ್ಷ! ರೋಗದಿಂದ ಉಳಿದವನ್ನು ರಸ್ತೆ ನುಂಗುತ್ತಿದೆ.

ನಮ್ಮ ತಿರುವಿನಲ್ಲಿ ಪ್ರಾಣಿಗಳ ಎಚ್ಚರಿಕೆ ಫಲಕ ಬಿದ್ದು ಎಷ್ಟು ಕಾಲವಾಯಿತೋ, ಎತ್ತಿ ನಿಲ್ಲಿಸಿದವರಿಲ್ಲ. ಚರಂಡಿ ಕಟ್ಟಿ ನೀರು ಅಂಗಳಕ್ಕೆ ನುಗ್ಗಿದಾಗಲೂ ಇದೇ ಕಚೇರಿ, ಇದೇ ಅರ್ಜಿ. ತೆರಿಗೆಯ ಬಿಲ್ಲು ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ.

ಊರಿನಿಂದ ಪ್ರವಾಸ ಬರುವವರು ಕತ್ತಲಾದ ಮೇಲೆ ಬಾಡಿಗೆ ಕಾರನ್ನು ದಯವಿಟ್ಟು ನಿಧಾನವಾಗಿ ಓಡಿಸಿ. ಇಲ್ಲಿಯ ಅಧಿಕಾರಿಗಳು ರಾತ್ರಿಯ ವೇಗಮಿತಿ ಇಳಿಸಲಿ, ರಸ್ತೆಯಲ್ಲಿ ಸತ್ತ ಪ್ರಾಣಿಯನ್ನು ಅಂದೇ ತೆಗೆಸಲಿ, ಫೋನ್ ಎತ್ತಿದವರು ಕೆಲಸವನ್ನೂ ಮಾಡಲಿ. ಆಗದಿದ್ದರೆ ಕುರ್ಚಿ ಬಿಟ್ಟು ಏಳಲಿ. ನೀವೂ ಡೆವಿಲ್ ಬಗ್ಗೆ ಒಂದು ಪೂರ್ತಿ ಪುಟ ಬರೆಯಿರಿ, ಅದು ಇನ್ನೂ ಬದುಕಿರುವಾಗಲೇ.

– ಹೋಬಾರ್ಟ್‌ನ ಕನ್ನಡತಿ