ಮಗಳಿಗೊಂದು ಪತ್ರ: ಖಾಸಗಿ ವಿಶ್ವವಿದ್ಯಾಲಯಕ್ಕೆ ಫೀ ಕಟ್ಟುವ ಮೊದಲು

ಕೋಥ್ರೂಡ್, ಪುಣೆ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಪ್ಪಾ, 50 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಟ್ಟಾರ, ಸೀಟು ಹಿಡಿದುಬಿಡೋಣ" ಅಂದಿ. ನನಗೂ ಖುಷಿಯಾಯಿತು. ಆದರೆ ರೊಕ್ಕ ಕಟ್ಟುವ ಮೊದಲು ಆ ಖಾಸಗಿ ವಿಶ್ವವಿದ್ಯಾಲಯದ ಪತ್ರವನ್ನು ಇನ್ನೊಮ್ಮೆ ನಿಧಾನವಾಗಿ ಓದು. ಆ 50 ಪರ್ಸೆಂಟ್ ಟ್ಯೂಷನ್ ಫೀಗೆ ಮಾತ್ರ. ಕ್ಯಾಂಪಸ್ ಊರ ಹೊರಗಿದೆ, ಹಾಸ್ಟೆಲ್ ಕಡ್ಡಾಯ. ಟ್ಯೂಷನ್ 3 ಲಕ್ಷ ಅಂತ ಹಿಡಿ. ಹಾಸ್ಟೆಲ್, ಮೆಸ್, ಪರೀಕ್ಷೆ, ಡೆವಲಪ್‌ಮೆಂಟ್ ಫೀ, ಪುಸ್ತಕ, ಓಡಾಟ ಎಲ್ಲ ಸೇರಿ ಇನ್ನೂ 2 ಲಕ್ಷ. ಈ 5 ಲಕ್ಷದಲ್ಲಿ ಅವರು ಬಿಟ್ಟದ್ದು ಒಂದೂವರೆ ಲಕ್ಷ. ಅಂದರೆ ನಿಜವಾಗಿ ಸಿಕ್ಕ ರಿಯಾಯಿತಿ 30 ಪರ್ಸೆಂಟ್.

ಇದು ಮೊದಲ ವರ್ಷದ ಲೆಕ್ಕ ಅಷ್ಟೇ. ಫೀ ವರ್ಷಕ್ಕೆ 8 ಪರ್ಸೆಂಟ್ ಏರಿದರೆ 3 ಲಕ್ಷದ ಟ್ಯೂಷನ್ ನಾಲ್ಕನೇ ವರ್ಷಕ್ಕೆ 3.78 ಲಕ್ಷವಾಗುತ್ತದೆ, ನಾಲ್ಕು ವರ್ಷಕ್ಕೆ 12 ಲಕ್ಷದ ಬದಲು ಸುಮಾರು 13.52 ಲಕ್ಷ. ಹಾಗಾಗಿ ಅವರಿಗೆ ಇಮೇಲ್ ಬರೆದು ಕೇಳು: ಫೀ ಪ್ರತಿ ವರ್ಷ ಎಷ್ಟು ಏರುತ್ತದೆ? ಸ್ಕಾಲರ್‌ಶಿಪ್ ಏರಿದ ಫೀಯ ಅರ್ಧವೋ, ಮೊದಲ ವರ್ಷದ ಒಂದೂವರೆ ಲಕ್ಷಕ್ಕೇ ನಿಲ್ಲುತ್ತದೋ? ಮುಂದುವರಿಯಲು ಎಷ್ಟು ಸಿಜಿಪಿಎ (ಸರಾಸರಿ ಗ್ರೇಡ್ ಅಂಕ) ಬೇಕು, ಒಂದು ಬ್ಯಾಕ್‌ಲಾಗ್ ಬಂದರೆ, ಅಂದರೆ ಒಂದು ವಿಷಯ ಉಳಿದುಹೋದರೆ, ಏನಾಗುತ್ತದೆ, ಒಮ್ಮೆ ತಪ್ಪಿದರೆ ಮತ್ತೆ ಸಿಗುತ್ತದೋ ಇಲ್ಲವೋ? ಉತ್ತರ ಬರಹದಲ್ಲೇ ಬರಬೇಕು. ಕೌಂಟರಿನಲ್ಲಿ ಕೂತವರ ಬಾಯಿಮಾತಿಗೆ ಬೆಲೆ ಇಲ್ಲ. ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರಿನ ಗಣಿತದಲ್ಲಿ ಜಾಣ ಮಕ್ಕಳೂ ಮುಗ್ಗರಿಸುತ್ತಾರೆ, ಸ್ಕಾಲರ್‌ಶಿಪ್ ಕೈಬಿಡುವುದು ಹೆಚ್ಚಾಗಿ ಅಲ್ಲೇ. ಹಾಗಾಗಿ ಸ್ಕಾಲರ್‌ಶಿಪ್ ಎರಡನೇ ವರ್ಷ ಇರುವುದಿಲ್ಲ ಅಂತಲೂ ಒಂದು ಲೆಕ್ಕ ಹಾಕಿಟ್ಟುಕೋ. ಆ ಲೆಕ್ಕದಲ್ಲೂ ನಾವು ಓದಿಸಬಲ್ಲೆವೇ ಅನ್ನುವುದೇ ನಿಜವಾದ ಪ್ರಶ್ನೆ.

ಇನ್ನು ಬಹಳ ಜನ ಎಡವುವ ಜಾಗ. ಖಾಸಗಿ ಕಾಲೇಜು ಬೇರೆ, ಖಾಸಗಿ ವಿಶ್ವವಿದ್ಯಾಲಯ ಬೇರೆ. ಪುಣೆ ವಿಶ್ವವಿದ್ಯಾಲಯಕ್ಕೆ ಸೇರಿದ ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ನೀನು ಕ್ಯಾಪ್ ರೌಂಡಿನಲ್ಲಿ (ಸರ್ಕಾರವೇ ನಡೆಸುವ ಕೇಂದ್ರೀಕೃತ ಸೀಟು ಹಂಚಿಕೆ) ಹೋದರೆ, ಮಹಾರಾಷ್ಟ್ರದ 2024ರ ಜುಲೈ 8ರ ಸರ್ಕಾರಿ ಆದೇಶದ ಪ್ರಕಾರ 8 ಲಕ್ಷದೊಳಗಿನ ವರಮಾನದ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರು), ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಒಬಿಸಿ ಹೆಣ್ಣುಮಕ್ಕಳ ಟ್ಯೂಷನ್ ಫೀ, ಪರೀಕ್ಷಾ ಫೀ ಪೂರ್ತಿ ಸರ್ಕಾರದ್ದು. ಅದೇ ಹುಡುಗಿ ಅಭಿಮತ (ಡೀಮ್ಡ್) ವಿಶ್ವವಿದ್ಯಾಲಯಕ್ಕೋ ಖಾಸಗಿ ವಿಶ್ವವಿದ್ಯಾಲಯಕ್ಕೋ ಸೇರಿದರೆ, ಅಥವಾ ಮ್ಯಾನೇಜ್‌ಮೆಂಟ್ ಕೋಟಾ ಹಿಡಿದರೆ, ಒಂದು ರೂಪಾಯಿಯೂ ಇಲ್ಲ. ವರ್ಷಕ್ಕೆ 50,000 ರೂಪಾಯಿ ಕೊಡುವ ಎಐಸಿಟಿಇಯ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಪ್ರಗತಿ ಸ್ಕಾಲರ್‌ಶಿಪ್ಪೂ ಎಐಸಿಟಿಇ ಮಾನ್ಯತೆ ಇರುವ ಸಂಸ್ಥೆಗಳಿಗಷ್ಟೇ. ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಓಡುವ ಮೊದಲು ಈ ಎರಡು ಬಾಗಿಲುಗಳನ್ನು ಅಕ್ಕಪಕ್ಕ ಇಟ್ಟು ನೋಡು. ಹೆಸರಿನಲ್ಲಿ ಸ್ಕಾಲರ್‌ಶಿಪ್ ಇಲ್ಲದ ಕಾಲೇಜೇ ನಾಲ್ಕು ವರ್ಷದ ಕೊನೆಗೆ ಅಗ್ಗವಾಗಬಹುದು.

ಸಾಲದ ಮಾತು. ಕೇಂದ್ರ ಸರ್ಕಾರದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯಲ್ಲಿ ಅಡಮಾನ, ಜಾಮೀನು ಎರಡೂ ಬೇಡ, ಆದರೆ ಸಂಸ್ಥೆಯ ಹೆಸರು ಅವರ ಪಟ್ಟಿಯಲ್ಲಿರಬೇಕು. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಿ ಆ ಪಟ್ಟಿ ಮಾಡುತ್ತಾರೆ. ಕುಟುಂಬದ ವರಮಾನ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಅದೂ ಕಂತು ಶುರುವಾಗುವವರೆಗೆ ಮಾತ್ರ.

ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷಕ್ಕೆ. ಅಲ್ಲಿಯವರೆಗೆ ಏನೂ ಕಟ್ಟಬೇಕಿಲ್ಲ ಅಂತ ಸುಮ್ಮನಿರುತ್ತಾರಲ್ಲ, ಬಡ್ಡಿ ಸುಮ್ಮನಿರುವುದಿಲ್ಲ. ವರ್ಷಕ್ಕೆ 2 ಲಕ್ಷದಂತೆ 8 ಲಕ್ಷ ತಗೊಂಡೆವು, ಬಡ್ಡಿ 10 ಪರ್ಸೆಂಟ್ ಅಂತಿಟ್ಟುಕೋ. ಮೊದಲ 2 ಲಕ್ಷಕ್ಕೆ 5 ವರ್ಷದ ಬಡ್ಡಿ, ಎರಡನೆಯದಕ್ಕೆ 4, ಹೀಗೆ ಒಟ್ಟು 2.8 ಲಕ್ಷ. ಅದು ಅಸಲಿಗೆ ಸೇರಿ 10.8 ಲಕ್ಷವಾದರೆ 10 ವರ್ಷದ ಕಂತು ತಿಂಗಳಿಗೆ ಸುಮಾರು 14,270 ರೂಪಾಯಿ. ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಕಂತು ಸುಮಾರು 10,570. ತಿಂಗಳಿಗೆ 3,700ರಂತೆ 10 ವರ್ಷಕ್ಕೆ ಕಂತಿನಲ್ಲಿ 4.44 ಲಕ್ಷ ಕಡಿಮೆ; ಓದುವಾಗ ಕಟ್ಟಿದ 2.8 ಲಕ್ಷ ಬಡ್ಡಿ ಕಳೆದರೂ 1.64 ಲಕ್ಷ ಉಳಿಯುತ್ತದೆ. ಮೊದಲ ವರ್ಷ ತಿಂಗಳ ಬಡ್ಡಿ 1,667 ರೂಪಾಯಿ, ನಾಲ್ಕನೇ ವರ್ಷ 6,667. ಇದನ್ನು ನನ್ನ ಪಗಾರದಲ್ಲಿ ಕಟ್ಟುತ್ತೇನೆ. ಅಸಲಿನ ಕಂತು ನಿನ್ನ ಪಗಾರದ ಮೇಲೆ ಬೀಳುತ್ತದೆ, ಅದಕ್ಕೇ ಈ ಅಂಕಿಗಳನ್ನು ನೀನೇ ಒಮ್ಮೆ ಕೂಡಿಸಿ ನೋಡಬೇಕು. ಮನೆ ಬಿಟ್ಟು ಬೇರೆ ಊರಲ್ಲಿ ಕೆಲಸ ಹಿಡಿದವರಿಗೆ ಬಾಡಿಗೆಯ ಮೇಲೆ 14,000 ಕಂತು ಬಹಳ ಭಾರ, ಮಗಳೇ.

ಸೀಟು ಬಿಡುವುದಾದರೆ ತಡಮಾಡಬಾರದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಫೀ ಪೂರ್ತಿ ವಾಪಸ್, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. ಆಮೇಲೆ ಕೊನೆಯ ದಿನದೊಳಗೆ 90 ಪರ್ಸೆಂಟ್, ಕೊನೆಯ ದಿನ ಕಳೆದು 15 ದಿನದವರೆಗೆ 80, 30 ದಿನದವರೆಗೆ 50, ಅದಾದ ಮೇಲೆ ಸೊನ್ನೆ. ಕಾಷನ್ ಡಿಪಾಸಿಟ್ (ಸೇರುವಾಗ ಇಡುವ ಠೇವಣಿ) ಯಾವಾಗಲೂ ಪೂರ್ತಿ ವಾಪಸ್ ಬರಬೇಕು. ಮೂಲ ಅಂಕಪಟ್ಟಿಯನ್ನು ಅವರು ಇಟ್ಟುಕೊಳ್ಳುವಂತಿಲ್ಲ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತಗೋ.

ಕಾಗದಪತ್ರ. ನಿನ್ನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದ್ದೇನೆ, ಹೊಸ ಖಾತೆ ತೆರೆದು ಅದಕ್ಕೂ ಜೋಡಿಸಬೇಡ. ಸರ್ಕಾರದ ಸ್ಕಾಲರ್‌ಶಿಪ್ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ, ನಾವು ಹಳೆಯದನ್ನು ನೋಡುತ್ತ ಕೂರುತ್ತೇವೆ. ಆಧಾರ್ ಮತ್ತು ಹತ್ತನೇ ಅಂಕಪಟ್ಟಿಯಲ್ಲಿ ಹೆಸರಿನ ಒಂದೊಂದು ಅಕ್ಷರವೂ ಒಂದೇ ಇರಬೇಕು. ವರಮಾನದ ದಾಖಲೆ ತಹಸೀಲ್ದಾರರದ್ದು, ಅದನ್ನು ಸೇತು ಕೇಂದ್ರದಲ್ಲಿ (ಇಲ್ಲಿಯ ಸರ್ಕಾರಿ ಸೇವಾ ಕೇಂದ್ರ) ನಾನು ಮಾಡಿಸುತ್ತೇನೆ.

ಕಷ್ಟದ್ದು ಒಬಿಸಿ ದಾಖಲೆ. ನಮ್ಮ ಹತ್ತಿರ ಇರುವುದು ಕರ್ನಾಟಕದ ಜಾತಿ ಪ್ರಮಾಣಪತ್ರ, ಅದು ಇಲ್ಲಿ ನಡೆಯುವುದಿಲ್ಲ. ಕುಟುಂಬ 1967ರ ಅಕ್ಟೋಬರ್ 13ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿತ್ತು ಅಂತ ತೋರಿಸಿದರೆ ಮಾತ್ರ ಇಲ್ಲಿಯದು ಸಿಗುತ್ತದೆ. ಅದರ ಮೇಲೆ ನಾನ್ ಕ್ರೀಮಿ ಲೇಯರ್ (ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪತ್ರ), ಕಾಸ್ಟ್ ವ್ಯಾಲಿಡಿಟಿ (ಜಾತಿ ಪ್ರಮಾಣಪತ್ರ ಸರಿಯಿದೆ ಅಂತ ಪರಿಶೀಲಿಸಿ ಕೊಡುವ ಪತ್ರ) ಬೇರೆ. ವ್ಯಾಲಿಡಿಟಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಜ್ಜ ಇಲ್ಲೇ ಪುಣೆಯ ಖಡಕಿಯಲ್ಲಿ ಕೆಲಸಕ್ಕೆ ಸೇರಿದ್ದು 1964ರಲ್ಲಿ. ಧಾರವಾಡದಲ್ಲಿ ಅಜ್ಜಿಯ ಕಪಾಟಿನ ಮೇಲಿರುವ ತಗಡಿನ ಪೆಟ್ಟಿಗೆಯಲ್ಲಿ ಅವರ ನೇಮಕದ ಪತ್ರ, ಪಗಾರ ಚೀಟಿ, ಹಳೆಯ ರೇಷನ್ ಕಾರ್ಡ್ ಏನಿದ್ದರೂ ಬರುವಾಗ ತಾ. ಮಡಿಚಬೇಡ, ಕಾಗದ ಹಳೆಯದು; ದಪ್ಪ ಪುಸ್ತಕದೊಳಗೆ ಇಟ್ಟುಕೊಂಡು ಬಾ.

ನಿನ್ನ
ಅಪ್ಪ